ಜಾಬ್ ವರ್ಕ್ ಶೆಡ್‌ನ ಹಿಂಬದಿ: ವೆಂಡರ್‌ಗಳ ಜೊತೆ ಸೇರಿ ಮಾಲಿನ್ಯ ತಗ್ಗಿಸುವುದು ಹೇಗೆ

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಮಧ್ಯಮ ಗಾತ್ರದ ಕಾರ್ಖಾನೆ ನಡೆಸುವವರಿಗೆ, ಅಲ್ಲಿ ಪರ್ಚೇಸ್, ಕ್ವಾಲಿಟಿ, ವೆಂಡರ್ ಡೆವಲಪ್‌ಮೆಂಟ್ ನೋಡಿಕೊಳ್ಳುವವರಿಗೆ ಈ ಬರಹ. ನಿಮ್ಮ ಗೇಟಿನೊಳಗೆ ಎಲ್ಲ ಚೊಕ್ಕಟವಾಗಿರಬಹುದು. ಪರಿಸರ ನಿರ್ವಹಣೆಗೆ ಕೊಡುವ ಐಎಸ್‌ಒ 14001 ಸರ್ಟಿಫಿಕೇಟ್ ಗೋಡೆ ಮೇಲೆ ಇರಬಹುದು. ಆದರೆ ಒಂದು ಬ್ರಾಕೆಟ್ ತಯಾರಾಗುವಾಗ ಆಗುವ ಗಲೀಜು ಕೆಲಸದಲ್ಲಿ ಹೆಚ್ಚಿನದು ನಿಮ್ಮಲ್ಲಿ ಆಗುವುದೇ ಇಲ್ಲ. ಪ್ಲೇಟಿಂಗ್ (ಲೋಹದ ಲೇಪ), ಪಿಕ್ಲಿಂಗ್ (ಆಸಿಡ್‌ನಲ್ಲಿ ತುಕ್ಕು ತೆಗೆಯುವುದು), ಪೇಂಟಿಂಗ್, ಹೀಟ್ ಟ್ರೀಟ್‌ಮೆಂಟ್ ಎಲ್ಲಾ ಚಲನ್ ಹರಿದು ಹೊರಗಿನ ಜಾಬ್ ವರ್ಕ್ ಶೆಡ್‌ಗಳಿಗೆ ಕಳಿಸುತ್ತೀರಿ. ಪಾರ್ಟು ಹೊಳೆಯುತ್ತಾ ವಾಪಸ್ ಬರುತ್ತದೆ. ಅದನ್ನು ತೊಳೆದ ನೀರು ಎಲ್ಲಿ ಹೋಯಿತು ಅಂತ ಚಲನ್‌ನಲ್ಲಿ ಬರೆದಿರುವುದಿಲ್ಲ.

ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸರ್ಕಾರಿ ಸಂಸ್ಥೆಗಳ ಪರೀಕ್ಷೆಗಳಲ್ಲೇ ಕಂಡುಬಂದಿದೆ. ಆ ಪ್ರದೇಶದ ಒಂದು ಭಾಗದ ಮೋರಿ ನೀರು ವೃಷಭಾವತಿಗೆ ಸೇರುತ್ತದೆ, ಅಲ್ಲಿಂದ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ, ಮುಂದೆ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ಬೈರಮಂಗಲದ ಸುತ್ತಮುತ್ತ ರೈತರು ಆ ನೀರಿನಲ್ಲೇ ಹಸುಗಳಿಗೆ ಮೇವು, ಬೇಬಿ ಕಾರ್ನ್ ಬೆಳೆದಿದ್ದಾರೆ. ಆದ್ದರಿಂದ ಇದನ್ನು ಬರೀ ಆಡಿಟ್ ವಿಷಯ ಅಂತ ನೋಡಬೇಡಿ.

ಸಾಮಾನ್ಯವಾಗಿ ಕಂಪನಿಗಳು ಏನು ಮಾಡುತ್ತವೆ? ನಲವತ್ತು ಪ್ರಶ್ನೆಗಳ ಒಂದು ಇಂಗ್ಲಿಷ್ ಫಾರ್ಮ್ ಎಲ್ಲ ವೆಂಡರ್‌ಗಳಿಗೂ ಮೇಲ್ ಮಾಡುತ್ತವೆ. ವೆಂಡರ್‌ನ ಅಕೌಂಟೆಂಟ್ ಎಲ್ಲಕ್ಕೂ 'ಹೌದು' ಅಂತ ಟಿಕ್ ಹಾಕಿ, ಸೀಲ್ ಒತ್ತಿ ಕಳಿಸುತ್ತಾನೆ. ಅದು ಫೈಲ್ ಸೇರುತ್ತದೆ. ಮೋರಿಗೆ ಹೋಗುವ ನೀರು ಹಾಗೇ ಹೋಗುತ್ತಿರುತ್ತದೆ. ನನ್ನ ಪ್ರಕಾರ ವೆಂಡರ್‌ನ ಕೊಳಕು ನೀರಿನ ಅರ್ಧ ಕಾರಣ ನೀವು ಕೊಡುವ ರೇಟ್, ನೀವು ಕೊಡುವ ಗಡುವು ಮತ್ತು ನಿಮ್ಮ ಹಳೇ ಡ್ರಾಯಿಂಗ್‌ಗಳಲ್ಲಿ ಇರುತ್ತದೆ. ಹಾಗಾಗಿ ಕೆಲಸ ನಿಮ್ಮ ಟೇಬಲ್‌ನಿಂದಲೇ ಶುರುವಾಗಬೇಕು.

ಮೊದಲು ಪಟ್ಟಿ ಮಾಡಿ, ಆದರೆ ಎಲ್ಲರನ್ನೂ ಸೇರಿಸಬೇಡಿ

ಇನ್ನೂರು ವೆಂಡರ್ ಇದ್ದರೆ ಇನ್ನೂರು ಜನರ ಹಿಂದೆ ಬೀಳುವುದು ವ್ಯರ್ಥ. ಎಷ್ಟು ಲಕ್ಷದ ಬಿಲ್ ಅಂತ ನೋಡಬೇಡಿ, ಯಾವ ಪ್ರೋಸೆಸ್ ಅಂತ ನೋಡಿ. ತಿಂಗಳಿಗೆ ಮೂವತ್ತು ಸಾವಿರದ ಪ್ಲೇಟಿಂಗ್ ಮಾಡುವ ಸಣ್ಣ ಶೆಡ್, ಮೂವತ್ತು ಲಕ್ಷದ ಶೀಟ್ ಮೆಟಲ್ ಕೊಡುವವರಿಗಿಂತ ಜಾಸ್ತಿ ಹಾನಿ ಮಾಡಬಹುದು.

ಮೇಲಿನ ಸಾಲಿನಲ್ಲಿ ಬರಬೇಕಾದವರು: ಝಿಂಕ್, ನಿಕಲ್, ಕ್ರೋಮ್ ಪ್ಲೇಟಿಂಗ್ ಮಾಡುವವರು. ಅನೊಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆಸುವುದು) ಮತ್ತು ಪಿಕ್ಲಿಂಗ್‌ನವರು. ಪೌಡರ್ ಕೋಟಿಂಗ್‌ನವರು ಕೂಡ, ಯಾಕೆಂದರೆ ಪೌಡರ್‌ನಲ್ಲಿ ಸಾಲ್ವೆಂಟ್ ಇಲ್ಲದಿದ್ದರೂ ಅದಕ್ಕೆ ಮುಂಚೆ ಪಾರ್ಟು ಅದ್ದಿ ತೊಳೆಯುವ ಏಳು ತೊಟ್ಟಿಗಳ ಸಾಲಿನಲ್ಲಿ (ಸೆವೆನ್ ಟ್ಯಾಂಕ್) ಆಸಿಡ್, ಫಾಸ್ಫೇಟ್ ಎಲ್ಲಾ ಇರುತ್ತದೆ. ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಸಯನೈಡ್ ಸಾಲ್ಟ್ ಬಾತ್ (ಪಾರ್ಟು ಅದ್ದುವ ಕರಗಿದ ಉಪ್ಪಿನ ತೊಟ್ಟಿ) ಇದೆಯಾ ಅಂತ ಕೇಳಿ. ಆಮೇಲಿನ ಸಾಲಿಗೆ ಫೌಂಡ್ರಿ, ಫೋರ್ಜಿಂಗ್, ಕೂಲೆಂಟ್ ಬಳಸುವ ಮಷಿನ್ ಶಾಪ್‌ಗಳು. ಪ್ಯಾಕಿಂಗ್, ಸಾಗಣೆ ಕೊನೆಗೆ.

ಇನ್ನೊಂದು ಪ್ರಶ್ನೆ ಎಲ್ಲರನ್ನೂ ಕೇಳಲೇಬೇಕು: "ಈ ಕೆಲಸ ನೀವೇ ಮಾಡ್ತೀರಾ, ಬೇರೆಯವರಿಗೆ ಕೊಡ್ತೀರಾ?" ನೀವು ನೋಡಿ ಒಪ್ಪಿದ ಶೆಡ್ ಒಂದು, ನಿಮ್ಮ ಪಾರ್ಟು ನಿಜವಾಗಿ ಹೋಗುವ ಶೆಡ್ ಇನ್ನೊಂದು ಆಗಿರುವುದು ಬಹಳ ಸಾಮಾನ್ಯ. ಕೋಪ ಮಾಡಿಕೊಳ್ಳದೆ ಕೇಳಿದರೆ ಹೇಳುತ್ತಾರೆ.

ನಿಮ್ಮ ಕಡೆಯದನ್ನು ಸರಿ ಮಾಡಿಕೊಳ್ಳಿ

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲ ಸುಮ್ನೆ.

ಮೊದಲನೆಯದು ದುಡ್ಡು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಗಳ ಬಿಲ್ ಅನ್ನು ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು. ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾಲ್ಕು ತಿಂಗಳು ದುಡ್ಡು ತಡೆದಿಟ್ಟವರು ಹೋಗಿ "ನಿಮ್ಮ ಇಟಿಪಿ (ಕೊಳಕು ನೀರು ಶುದ್ಧ ಮಾಡುವ ಘಟಕ) ಯಾಕೆ ಓಡ್ತಿಲ್ಲ" ಅಂತ ಕೇಳಿದರೆ ವೆಂಡರ್ ಏನು ಹೇಳಬೇಕು? ಕೈಯಲ್ಲಿ ಕಾಸಿಲ್ಲದಾಗ ಮೊದಲು ನಿಲ್ಲುವ ಖರ್ಚು ಅಂದರೆ ಇಟಿಪಿಗೆ ಹಾಕುವ ಕೆಮಿಕಲ್. ಸಂಬಳ ನಿಲ್ಲಿಸಲು ಆಗುವುದಿಲ್ಲ, ಕರೆಂಟ್ ಬಿಲ್ ನಿಲ್ಲಿಸಲು ಆಗುವುದಿಲ್ಲ.

ಎರಡನೆಯದು ರೇಟ್. ಪ್ಲೇಟಿಂಗ್ ರೇಟನ್ನು ಬಿಡಿಸಿ ಬರೆಯಲು ಹೇಳಿ: ಲೋಹ, ಕೆಮಿಕಲ್, ಕರೆಂಟ್, ಕೂಲಿ, ನೀರಿನ ಶುದ್ಧೀಕರಣ, ಸ್ಲಡ್ಜ್ (ಶುದ್ಧೀಕರಣದಲ್ಲಿ ಉಳಿಯುವ ಕೆಸರು) ಸಾಗಣೆ. ಕೊನೆಯ ಎರಡು ಸಾಲು ಖಾಲಿ ಇದ್ದರೆ ಆ ಕೆಲಸ ಆಗುತ್ತಿಲ್ಲ ಅಂತಲೇ ಅರ್ಥ. ಪರ್ಚೇಸ್‌ನವರು ಕಿಲೋಗೆ ಐವತ್ತು ಪೈಸೆ ಇಳಿಸಿದಾಗ ಅದು ಯಾವ ಸಾಲಿನಿಂದ ಹೋಯಿತು ಅಂತ ಕೇಳುವ ಅಭ್ಯಾಸ ಬರಬೇಕು. ಈ ಎರಡು ಸಾಲುಗಳನ್ನು ಚೌಕಾಸಿಯಿಂದ ಹೊರಗಿಡಿ. ಇಷ್ಟು ಮಾಡಿದರೂ ಬಹಳ ದೊಡ್ಡ ಬದಲಾವಣೆ.

ಮೂರನೆಯದು ಡ್ರಾಯಿಂಗ್. ಹಳೇ ಡ್ರಾಯಿಂಗ್‌ಗಳಲ್ಲಿ 'ಝಿಂಕ್ ಪ್ಲೇಟ್, ಯೆಲ್ಲೋ ಪ್ಯಾಸಿವೇಷನ್' ಅಂತ ಒಂದು ಸಾಲು ಇರುತ್ತದೆ. ಪ್ಯಾಸಿವೇಷನ್ ಅಂದರೆ ಝಿಂಕ್ ತುಕ್ಕು ಹಿಡಿಯದಂತೆ ಅದರ ಮೇಲೆ ಕೊಡುವ ರಾಸಾಯನಿಕ ಪದರ. ಆ ಹಳದಿ ಬಣ್ಣ ಸಾಮಾನ್ಯವಾಗಿ ಬರುವುದು ಹೆಕ್ಸಾವೇಲೆಂಟ್ ಕ್ರೋಮಿಯಂನಿಂದ, ಅದು ಕ್ಯಾನ್ಸರ್ ತರುವ ವಸ್ತು. ಯುರೋಪಿಗೆ ಹೋಗುವ ಎಲೆಕ್ಟ್ರಾನಿಕ್ಸ್‌ನಲ್ಲಿ 2006ರ ಜುಲೈಯಿಂದ, ವಾಹನಗಳಲ್ಲಿ 2007ರ ಜುಲೈಯಿಂದ ಅದಕ್ಕೆ ನಿರ್ಬಂಧ ಇದೆ. ಬದಲಿಗೆ ಕಡಿಮೆ ವಿಷದ ಟ್ರೈವೇಲೆಂಟ್ ಕ್ರೋಮಿಯಂನ ಪ್ಯಾಸಿವೇಷನ್ ಇದೆ, ಶೆಡ್‌ಗಳಲ್ಲಿ 'ಹೆಕ್ಸಾ ಫ್ರೀ' ಅನ್ನುತ್ತಾರೆ. ಇಷ್ಟು ವರ್ಷ ಆದರೂ ದೇಶದೊಳಗಿನ ಪಾರ್ಟುಗಳ ಡ್ರಾಯಿಂಗ್‌ನಲ್ಲಿ ಆ ಹಳೇ ಸಾಲು ಯಾರೂ ಮುಟ್ಟದೆ ಉಳಿದುಬಿಟ್ಟಿರುತ್ತದೆ. ಅದನ್ನು ಬದಲಿಸಬೇಕಾದವರು ನಿಮ್ಮ ಡಿಸೈನ್ ವಿಭಾಗದವರು, ವೆಂಡರ್ ಅಲ್ಲ. ಬದಲಿಸಿದ ಮೇಲೆ ಇನ್‌ಸ್ಪೆಕ್ಷನ್‌ನವರ ಹತ್ತಿರ ಇರುವ ಲಿಮಿಟ್ ಸ್ಯಾಂಪಲ್ (ಹೋಲಿಸಿ ನೋಡುವ ಮಾದರಿ ಪಾರ್ಟು) ಕೂಡ ಬದಲಿಸಿ. ಇಲ್ಲದಿದ್ದರೆ ಬಣ್ಣ ಮೊದಲಿನಷ್ಟು ಹಳದಿ ಇಲ್ಲ ಅಂತ ಅವರು ಲಾಟ್ ಪೂರ್ತಿ ರಿಜೆಕ್ಟ್ ಮಾಡುತ್ತಾರೆ, ವೆಂಡರ್ ಮರುದಿನವೇ ಹಳೇ ಬಾತ್‌ಗೆ ವಾಪಸ್ ಹೋಗುತ್ತಾನೆ. ಬಣ್ಣದ ಬದಲು ಸಾಲ್ಟ್ ಸ್ಪ್ರೇ ಪರೀಕ್ಷೆಯಲ್ಲಿ (ಉಪ್ಪುನೀರು ಸಿಂಪಡಿಸಿ ತುಕ್ಕು ನೋಡುವುದು) ಎಷ್ಟು ಗಂಟೆ ತಡೆಯಬೇಕು ಅಂತ ಬರೆಯಿರಿ.

ನಾಲ್ಕನೆಯದು ಗಡುವು. ಶನಿವಾರ ಸಂಜೆ ಮಾಲು ಕಳಿಸಿ ಸೋಮವಾರ ಬೆಳಿಗ್ಗೆ ಬೇಕು ಅಂದರೆ ರ‍್ಯಾಕ್‌ನಿಂದ ನೀರು ಸೋರಲು ಯಾರೂ ಕಾಯುವುದಿಲ್ಲ, ಇಟಿಪಿ ಟ್ಯಾಂಕ್‌ನಲ್ಲಿ ಸ್ಲಡ್ಜ್ ತಳ ಸೇರಲು ಕಾಯುವುದಿಲ್ಲ. ಎಲ್ಲಾ ಒಟ್ಟಿಗೆ ಮೋರಿಗೆ.

ಕಾಗದಗಳನ್ನು ಓದುವುದು

ಕೇಳಬೇಕಾದ ಕಾಗದ ತುಂಬಾ ಇಲ್ಲ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟಿರುವ ಸಿಎಫ್‌ಒ, ಅಂದರೆ ಕಾರ್ಖಾನೆ ನಡೆಸುವ ಒಪ್ಪಿಗೆ ಪತ್ರ. ಅಪಾಯಕಾರಿ ತ್ಯಾಜ್ಯದ ಅನುಮತಿ. ಆ ತ್ಯಾಜ್ಯವನ್ನು ಕಳಿಸಿದ ಮ್ಯಾನಿಫೆಸ್ಟ್‌ಗಳು, ಅಂದರೆ ಸಾಗಣೆ ದಾಖಲೆಗಳು, 2016ರ ನಿಯಮದಲ್ಲಿ ಅದು ಫಾರ್ಮ್ 10. ವರ್ಷಕ್ಕೊಮ್ಮೆ ಜೂನ್ 30ರೊಳಗೆ ಸಲ್ಲಿಸುವ ತ್ಯಾಜ್ಯದ ವಾರ್ಷಿಕ ಲೆಕ್ಕ, ಫಾರ್ಮ್ 4.

ಇವು ಇವೆ ಅಂತ ಟಿಕ್ ಹಾಕಿದರೆ ಸಾಲದು, ಒಂದರ ಪಕ್ಕ ಒಂದಿಟ್ಟು ಓದಬೇಕು. ಸಿಎಫ್‌ಒದಲ್ಲಿ ಝಿಂಕ್ ಪ್ಲೇಟಿಂಗ್ ಮಾತ್ರ ಇದ್ದು ಶೆಡ್‌ನಲ್ಲಿ ನಿಕಲ್ ಬಾತ್ ಇದೆಯಾ? ದಿನಕ್ಕೆ ಎಷ್ಟು ನೀರು ಅಂತ ಬರೆದಿದೆ, ನಿಜವಾಗಿ ಎಷ್ಟು ಬಳಕೆ ಆಗುತ್ತಿದೆ? ವಿಳಾಸ ಅದೇನಾ? ನಿಮ್ಮದೊಂದೇ ಕಂಪನಿಯಿಂದ ವರ್ಷಕ್ಕೆ ಎಷ್ಟು ಟನ್ ಮಾಲು ಹೋಗಿದೆ ಅಂತ ನಿಮ್ಮ ಚಲನ್‌ಗಳಲ್ಲೇ ಇದೆ. ಅಷ್ಟು ಟನ್ ಪ್ಲೇಟಿಂಗ್ ಮಾಡಿ ವರ್ಷಪೂರ್ತಿ ಎರಡು ಚೀಲ ಸ್ಲಡ್ಜ್ ಮಾತ್ರ ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಹೋಗಿದ್ದರೆ ಉಳಿದದ್ದು ಎಲ್ಲಿ? ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ, ತೀರಾ ಕಡಿಮೆ ತ್ಯಾಜ್ಯ ಬರುವವರಿಗೆ ಮಂಡಳಿ ಇನ್ನಷ್ಟು ದಿನ ಕೊಡಬಹುದು. ಹಾಗಾಗಿ ಮ್ಯಾನಿಫೆಸ್ಟ್‌ಗಳ ತಾರೀಖುಗಳೇ ಅರ್ಧ ಕಥೆ ಹೇಳುತ್ತವೆ.

ಇನ್ನೊಂದು ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವ ನೀರಿಗೆ ಮೊದಲು ಆಸಿಡ್ ಹಾಕಿ ಪಿಎಚ್ 2ರಿಂದ 3ಕ್ಕೆ ಇಳಿಸುತ್ತಾರೆ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅದನ್ನು ಟ್ರೈವೇಲೆಂಟ್ ಮಾಡುತ್ತಾರೆ, ಆಮೇಲೆ ಸುಣ್ಣ ಅಥವಾ ಕಾಸ್ಟಿಕ್ ಹಾಕಿ ಪಿಎಚ್ 8–9ಕ್ಕೆ ಏರಿಸಿ ತಳಕ್ಕೆ ಇಳಿಸುತ್ತಾರೆ. ಒಂದು ಕೆಜಿ ಕ್ರೋಮಿಯಂಗೆ ಕಡಿಮೆ ಅಂದರೂ ಸುಮಾರು 3 ಕೆಜಿ ಮೆಟಾಬೈಸಲ್ಫೈಟ್ ಬೇಕು. ಅಂದಮೇಲೆ ಆ ಕೆಮಿಕಲ್ ಖರೀದಿ ಬಿಲ್ ತೋರಿಸಿ ಅನ್ನಿ. ಆರು ತಿಂಗಳಲ್ಲಿ ಒಂದೇ ಚೀಲ ತಂದಿದ್ದರೆ ಇಟಿಪಿ ಫೋಟೋ ಎಷ್ಟೇ ಚೆನ್ನಾಗಿರಲಿ, ಅದು ಓಡುತ್ತಿಲ್ಲ.

ಶೆಡ್‌ಗೆ ಹೋದಾಗ

ಮೊದಲನೇ ಸಲ ಹೇಳಿ ಹೋಗಿ. ಕೂತು ಕಾಫಿ ಕುಡಿಯಿರಿ. ಮಾಲೀಕರು ಬಹುಪಾಲು ಬೇರೆ ಕಡೆ ಆಪರೇಟರ್ ಆಗಿ ಶುರುಮಾಡಿ, ಸಾಲ ಮಾಡಿ ಶೆಡ್ ಹಾಕಿದವರು. ನಿಮ್ಮ ಅಪ್ಪನ ವಯಸ್ಸಿನವರು ನಿಮ್ಮನ್ನು "ಸಾರ್" ಅಂತ ಕರೆದು ಎದ್ದು ನಿಲ್ಲುತ್ತಾರೆ, ಕಾರಣ ನಿಮ್ಮ ಕೈಯಲ್ಲಿ ಪಿಒ, ಅಂದರೆ ಪರ್ಚೇಸ್ ಆರ್ಡರ್, ಇದೆ. ಪಾಠ ಮಾಡಲು ಹೋಗಬೇಡಿ. "ಏನ್ ಕಷ್ಟ ಆಗ್ತಿದೆ ಹೇಳಿ" ಅಂತ ಕೇಳಿ.

ಆಮೇಲೆ ಶೆಡ್‌ನ ಹಿಂಬದಿಯಿಂದ ನೋಡಲು ಶುರುಮಾಡಿ. ಮೋರಿ ಎಲ್ಲಿಗೆ ಹೋಗಿದೆ? ನೆಲದ ಮೇಲಿನ ನೀರು ಹಳದಿ ಇದೆಯಾ? ಹೆಕ್ಸಾವೇಲೆಂಟ್ ಕ್ರೋಮಿಯಂ ಜಾಸ್ತಿ ಇದ್ದರೆ ಬಣ್ಣ ಕಣ್ಣಿಗೇ ಕಾಣುತ್ತದೆ, ಕಡಿಮೆ ಇದ್ದರೆ ಟೆಸ್ಟ್ ಕಿಟ್ ಬೇಕು. ಕಿಟ್‌ನ ದ್ರಾವಣ ಹಾಕಿದಾಗ ನೀರು ನೇರಳೆಗೆ ತಿರುಗಿದರೆ ಕ್ರೋಮಿಯಂ ಇದೆ. ಹೊರಬಿಡುವ ನೀರಿನಲ್ಲಿ ಅದಕ್ಕೆ ಇರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಇಟಿಪಿಗೆ ಬೇರೆ ಕರೆಂಟ್ ಮೀಟರ್ ಇದೆಯಾ, ಅದರ ರೀಡಿಂಗ್ ಬರೆದಿಡುತ್ತಾರಾ? ಡೋಸಿಂಗ್ ಪಂಪ್‌ನ ಮೇಲೆ ಧೂಳು ಕೂತಿದೆಯಾ? ಸ್ಲಡ್ಜ್ ಚೀಲಗಳು ಮಳೆ ನೀರು ಬೀಳದ ಜಾಗದಲ್ಲಿ ಇವೆಯಾ?

ಕೆಲಸ ಮಾಡುವ ಹುಡುಗರ ಕೈ, ಕಾಲು ನೋಡಿ. ಗ್ಲೌಸ್, ಗಮ್‌ಬೂಟ್ ಇಲ್ಲದೆ ಕ್ರೋಮ್ ಟ್ಯಾಂಕ್ ಹತ್ತಿರ ನಿಲ್ಲುವವರ ಬೆರಳುಗಳಲ್ಲಿ ಹುಣ್ಣಾಗಿರುತ್ತದೆ. ಹೊರಗಿನ ನದಿಗಿಂತ ಮೊದಲು ವಿಷ ತಾಗುವುದು ಅವರಿಗೆ.

ಸಯನೈಡ್ ಬಾತ್ ಇರುವ ಕಡೆ ಒಂದು ವಿಷಯದಲ್ಲಿ ರಾಜಿ ಬೇಡ. ಸಯನೈಡ್ ನೀರು, ಆಸಿಡ್ ನೀರು ಒಂದೇ ಮೋರಿಯಲ್ಲಿ, ಒಂದೇ ತೊಟ್ಟಿಯಲ್ಲಿ ಸೇರುವಂತಿದ್ದರೆ ಅಲ್ಲಿಂದ ಹೊರಡುವ ಮುಂಚೆಯೇ ಕೆಲಸ ನಿಲ್ಲಿಸಲು ಹೇಳಿ. ಅವೆರಡು ಸೇರಿದರೆ ಬರುವ ಹೈಡ್ರೋಜನ್ ಸಯನೈಡ್ ಅನಿಲ ಜನರನ್ನು ಕೊಲ್ಲುತ್ತದೆ.

ಮಷಿನ್ ಶಾಪ್‌ಗಳಲ್ಲಿ ನೋಡಬೇಕಾದ್ದು ಬೇರೆ. ಹಳೇ ಆಯಿಲ್ ಯಾರು ಒಯ್ಯುತ್ತಾರೆ ಅಂತ ಕೇಳಿ. ಮಂಡಳಿಯ ಅನುಮತಿ ಇರುವ ರೀಸೈಕ್ಲರ್‌ಗೆ ಹೋಗಬೇಕಾದ ಆಯಿಲ್ ಎಷ್ಟೋ ಕಡೆ ಡ್ರಮ್ ಲೆಕ್ಕದಲ್ಲಿ ಸೆಂಟ್ರಿಂಗ್ ಹಲಗೆಗೆ ಬಳಿಯಲು ಮಾರಾಟವಾಗುತ್ತದೆ. ಆಯಿಲ್ ಒರೆಸಿದ ಬನಿಯನ್ ವೇಸ್ಟ್ ಶೆಡ್ ಹಿಂದೆ ಸುಡುತ್ತಾರೆ. ಸ್ಕ್ರ್ಯಾಪ್ ಚಿಪ್ಸ್ ಗುಡ್ಡೆಯಿಂದ ಕೂಲೆಂಟ್ ನೆಲಕ್ಕೆ ಸೋರುತ್ತಿರುತ್ತದೆ.

ಉಳಿತಾಯ ಆಗುವುದರಿಂದ ಶುರುಮಾಡಿ

ಪರಿಸರ ಅನ್ನುವ ಮಾತು ತೆಗೆಯುವ ಮುಂಚೆ ವೆಂಡರ್‌ನ ದುಡ್ಡು ಉಳಿಸಿ ತೋರಿಸಿ. ನಂಬಿಕೆ ಬರುವುದು ಅಲ್ಲಿಂದ.

ಪ್ಲೇಟಿಂಗ್‌ನಲ್ಲಿ ಎಲ್ಲದರ ಮೂಲ ಡ್ರ್ಯಾಗ್ ಔಟ್. ಬಾತ್‌ನಿಂದ ರ‍್ಯಾಕ್ ಎತ್ತಿದಾಗ ಪಾರ್ಟಿಗೆ ಅಂಟಿಕೊಂಡು ಬರುವ ದ್ರಾವಣ ಅದು. ದುಡ್ಡು ಕೊಟ್ಟು ತಂದ ನಿಕಲ್, ಝಿಂಕ್ ತೊಳೆಯುವ ನೀರಿಗೆ ಸೇರಿ, ಮತ್ತೆ ದುಡ್ಡು ಖರ್ಚು ಮಾಡಿ ಅದನ್ನೇ ತೆಗೆಯಬೇಕಾಗುತ್ತದೆ. ಟ್ಯಾಂಕ್ ಮೇಲೆ ಒಂದು ಕಂಬಿ ಹಾಕಿಸಿ, ರ‍್ಯಾಕನ್ನು ಅದಕ್ಕೆ ನೇತುಹಾಕಿ ಹತ್ತು ಹದಿನೈದು ಸೆಕೆಂಡ್ ಸೋರಲು ಬಿಡಲಿ. ಕೈಯಲ್ಲಿ ಹಿಡಿದುಕೊಂಡು ಕಾಯಿ ಅಂದರೆ ಯಾರೂ ಕಾಯುವುದಿಲ್ಲ, ಭಾರ ಇರುತ್ತದೆ. ಬಾತ್ ಪಕ್ಕದಲ್ಲೇ ಹರಿಯದ ನೀರಿನ ಒಂದು ತೊಟ್ಟಿ ಇಟ್ಟು ಮೊದಲು ಅದರಲ್ಲಿ ಅದ್ದಿ. ಬಿಸಿ ಬಾತ್ ಆಗಿದ್ದರೆ ಆವಿಯಾಗಿ ಕಡಿಮೆಯಾದಾಗ ಆ ನೀರನ್ನೇ ವಾಪಸ್ ತುಂಬಬಹುದು.

ಇನ್ನು ತೊಳೆಯುವ ಕ್ರಮ. ಒಂದು ಲೀಟರ್ ಡ್ರ್ಯಾಗ್ ಔಟನ್ನು ಸಾವಿರ ಪಟ್ಟು ತೆಳು ಮಾಡಬೇಕು ಅಂದುಕೊಳ್ಳಿ. ಒಂದೇ ತೊಟ್ಟಿಯಲ್ಲಾದರೆ 1000 ಲೀಟರ್ ನೀರು ಹರಿಸಬೇಕು. ಎರಡು ತೊಟ್ಟಿ ಇಟ್ಟು, ಪಾರ್ಟು ಒಂದು ಕಡೆಯಿಂದ ಹೋದರೆ ನೀರು ಅದರ ಎದುರು ದಿಕ್ಕಿನಿಂದ ಬರುವಂತೆ ಮಾಡಿದರೆ ಸುಮಾರು 32 ಲೀಟರ್ ಸಾಕು. ಮೂರು ತೊಟ್ಟಿಯಾದರೆ 10. ಇದು ಲೆಕ್ಕದ ಮಾತು, ಶೆಡ್‌ನಲ್ಲಿ ಸ್ವಲ್ಪ ಜಾಸ್ತಿ ಬೇಕಾಗಬಹುದು. ಆದರೂ ಟ್ಯಾಂಕರ್ ನೀರು ಕೊಳ್ಳುವವರಿಗೆ ಈ ವ್ಯತ್ಯಾಸ ತಿಂಗಳ ಕೊನೆಗೆ ಕೈಗೇ ಸಿಗುತ್ತದೆ. ನೀರು ಕಡಿಮೆಯಾದರೆ ಬೇಕಾಗುವ ಇಟಿಪಿ ಕೂಡ ಚಿಕ್ಕದಾಗುತ್ತದೆ. ಈ ಕ್ರಮ ಮುಖ್ಯ. ನೀರು ಇಳಿಸದೆ ದೊಡ್ಡ ಇಟಿಪಿ ಹಾಕಿಸಿದವರು ಅದನ್ನು ಓಡಿಸುವ ಖರ್ಚು ತಾಳಲಾರದೆ ಬಿಟ್ಟುಬಿಡುತ್ತಾರೆ.

ಕಂಪ್ರೆಸರ್ ಇರುವ ಕಡೆ ಊಟದ ಹೊತ್ತಿನಲ್ಲಿ ಒಂದು ಪರೀಕ್ಷೆ ಮಾಡಿ. ಎಲ್ಲ ಮಷಿನ್ ನಿಂತಿರಲಿ, ಕಂಪ್ರೆಸರ್ ಮಾತ್ರ ಆನ್ ಇರಲಿ. ಅದು ಎಷ್ಟು ಹೊತ್ತು ಲೋಡ್ ಆಗುತ್ತದೆ (ಗಾಳಿ ತುಂಬುತ್ತದೆ), ಎಷ್ಟು ಹೊತ್ತು ಅನ್‌ಲೋಡ್ ಇರುತ್ತದೆ ಅಂತ ಮೊಬೈಲ್‌ನಲ್ಲಿ ಟೈಮ್ ನೋಡಿ. ಲೋಡ್ ಆದ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಗಾಳಿ ಸೋರಿಕೆಯ ಪ್ರಮಾಣ ಸಿಗುತ್ತದೆ. ಗಮನ ಕೊಡದ ಶೆಡ್‌ಗಳಲ್ಲಿ ಶೇ 20–30 ಬಂದರೆ ಆಶ್ಚರ್ಯ ಬೇಡ. ಕಪ್ಲಿಂಗ್, ಹೋಸ್ ಬದಲಿಸಿದರೆ ಬೆಸ್ಕಾಂ ಬಿಲ್‌ನಲ್ಲಿ ಕಾಣುತ್ತದೆ.

ಸಿಎನ್‌ಸಿ ಶಾಪ್‌ನಲ್ಲಿ ಸೋಮವಾರ ಬೆಳಿಗ್ಗೆ ಕೂಲೆಂಟ್ ಕೊಳೆತ ವಾಸನೆ ಬರುತ್ತದೆ ಅಲ್ವಾ? ಮೇಲೆ ತೇಲುವ ಆಯಿಲ್ ಪದರ ಗಾಳಿ ತಡೆದು, ಭಾನುವಾರ ಪೂರ್ತಿ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಆ ಆಯಿಲ್ ತೆಗೆಯುವ ಬೆಲ್ಟ್ ಸ್ಕಿಮ್ಮರ್, ಹದ ನೋಡುವ ಒಂದು ರಿಫ್ರ್ಯಾಕ್ಟೋಮೀಟರ್ ಇದ್ದರೆ ಕೂಲೆಂಟ್ ಬಹಳ ದಿನ ಬಾಳುತ್ತದೆ, ಸುರಿಯುವುದೂ ಕಡಿಮೆಯಾಗುತ್ತದೆ.

ಉಳಿತಾಯ ಆಗದಿರುವುದಕ್ಕೆ ನೀವು ಕೈ ಹಾಕಿ

ಇಟಿಪಿ ಓಡಿಸುವುದರಿಂದ, ಸ್ಲಡ್ಜ್ ಸರಿಯಾಗಿ ಕಳಿಸುವುದರಿಂದ ವೆಂಡರ್‌ಗೆ ಲಾಭ ಇಲ್ಲ. ಇದನ್ನು ನೇರವಾಗಿ ಒಪ್ಪಿಕೊಳ್ಳಿ. ಇಲ್ಲಿ ನಿಮ್ಮ ಪಾಲು ಬೇಕು.

ಎರಡು ಮೂರು ವರ್ಷದ ಆರ್ಡರ್ ಭರವಸೆಯನ್ನು ಬರೆದುಕೊಡಿ, ಅದನ್ನು ತೋರಿಸಿ ಬ್ಯಾಂಕ್ ಸಾಲ ತೆಗೆಯುವುದು ಸುಲಭವಾಗುತ್ತದೆ. ಸಣ್ಣವರಿಗೆ ಸ್ವಂತ ಇಟಿಪಿ ಹೊರೆ ಆದರೆ ಕಾಮನ್ ಇಟಿಪಿಗೆ ಟ್ಯಾಂಕರ್ ಕಳಿಸುವ ವ್ಯವಸ್ಥೆ ಮಾಡಿ, ಅಕ್ಕಪಕ್ಕದ ನಾಲ್ಕು ಶೆಡ್‌ಗಳ ನೀರನ್ನು ಸೇರಿಸಿ ಒಂದೇ ಟ್ಯಾಂಕರ್ ಮಾಡಿದರೆ ಬಾಡಿಗೆ ಹಂಚಿಹೋಗುತ್ತದೆ. ಕಾಮನ್ ಇಟಿಪಿಯಿಂದ ಬರುವ ರಸೀದಿಯನ್ನು ಬಿಲ್ ಜೊತೆ ಲಗತ್ತಿಸಿದರೆ ಆ ಖರ್ಚನ್ನು ನೀವೇ ಕೊಡುವುದು ಅಂತ ಒಪ್ಪಂದ ಮಾಡಿಕೊಳ್ಳಬಹುದು. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ, ಯಾಕೆಂದರೆ ರಸೀದಿ ಇಲ್ಲದೆ ದುಡ್ಡಿಲ್ಲ, ದುಡ್ಡು ಖಚಿತವಾದ್ದರಿಂದ ಮೋರಿಗೆ ಬಿಡುವ ಆಸೆಯೂ ಇರುವುದಿಲ್ಲ.

ಸಣ್ಣ ಉದ್ಯಮಗಳಿಗೆ ಗುಣಮಟ್ಟ, ಪರಿಸರದ ಸರ್ಟಿಫಿಕೇಟ್ ಕೊಡುವ ಕೇಂದ್ರದ ಝೆಡ್ ಯೋಜನೆಯೂ ಇದೆ. 2022ರ ಏಪ್ರಿಲ್‌ನಲ್ಲಿ ಹೊಸ ರೂಪದಲ್ಲಿ ಬಂದಾಗ ಸರ್ಟಿಫಿಕೇಟ್ ಶುಲ್ಕದಲ್ಲಿ ಅತಿಸಣ್ಣ ಉದ್ಯಮಕ್ಕೆ ಶೇ 80, ಸಣ್ಣದಕ್ಕೆ 60, ಮಧ್ಯಮಕ್ಕೆ 50 ಸಬ್ಸಿಡಿ ಇಟ್ಟರು. ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ. ಕಂಚಿನಿಂದ ಶುರುಮಾಡಿಸಿ. ಅರ್ಜಿ ಹಾಕುವ ಮುಂಚೆ ಪೋರ್ಟಲ್‌ನಲ್ಲಿ ಈಗಿನ ನಿಯಮ ನೋಡಿಕೊಳ್ಳಿ. ಅರ್ಜಿ ತುಂಬಲು ನಿಮ್ಮ ಆಫೀಸಿನ ಒಬ್ಬ ಹುಡುಗನನ್ನು ಅರ್ಧ ದಿನ ಕಳಿಸಿದರೆ ಅದೇ ದೊಡ್ಡ ಸಹಾಯ.

ಅಂಕಿ ಕೇಳಿ, ಆದರೆ ಒಂದೇ ಪುಟ

ತಿಂಗಳಿಗೊಮ್ಮೆ ಆರು ಅಂಕಿ ಸಾಕು: ನೀರು, ಕರೆಂಟ್ ಯೂನಿಟ್, ಡೀಸೆಲ್, ಕಳಿಸಿದ ಸ್ಲಡ್ಜ್, ಇಟಿಪಿ ಕೆಮಿಕಲ್, ಒಟ್ಟು ಉತ್ಪಾದನೆ. ಕನ್ನಡದಲ್ಲೇ ಫಾರ್ಮ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಮೀಟರ್ ಫೋಟೋ ಕಳಿಸಿದರೂ ನಡೆಯುತ್ತದೆ ಅನ್ನಿ. ಪ್ರತಿ ಕಿಲೋ ಮಾಲಿಗೆ ಎಷ್ಟು ಅಂತ ಭಾಗಿಸಿ, ಆ ಗ್ರಾಫನ್ನು ವೆಂಡರ್‌ಗೆ ವಾಪಸ್ ಕಳಿಸಿ. ಬರೀ ತೆಗೆದುಕೊಂಡು ಸುಮ್ಮನಾದರೆ ಮೂರನೇ ತಿಂಗಳಿಗೆ ಅಂಕಿ ನಿಲ್ಲುತ್ತದೆ.

ಈ ಅಂಕಿಗಳು ನಿಮಗೂ ಬೇಕಾಗುತ್ತವೆ. ಸೆಬಿ 2021ರಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಅನ್ನುವ ಪರಿಸರ, ಸಾಮಾಜಿಕ ಹೊಣೆಯ ವರದಿ ತಂದಿತು, ನಿಮ್ಮ ಗಿರಾಕಿ ಅವರಲ್ಲೊಬ್ಬರಾದರೆ ಪ್ರಶ್ನೆ ನಿಮ್ಮ ಹತ್ತಿರ ಬಂದೇ ಬರುತ್ತದೆ. ಯುರೋಪಿಗೆ ಉಕ್ಕಿನ ಬೋಲ್ಟ್, ಸ್ಕ್ರೂ ಕಳಿಸುವವರಿಗೆ ಅಲ್ಲಿನ ಕಾರ್ಬನ್ ತೆರಿಗೆಯ ವರದಿ 2023ರ ಅಕ್ಟೋಬರ್‌ನಿಂದಲೇ ಶುರುವಾಗಿದೆ. ಅಂದಾಜಿಗೆ ನಮ್ಮ ಗ್ರಿಡ್‌ನ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ, ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿಯಬಹುದು.

ಯಾರಾದರೂ ಮೋಸ ಮಾಡಿದರೆ

ಪಿಒದಲ್ಲಿ ಮೊದಲೇ ಬರೆದಿಡಿ: ಸಿಎಫ್‌ಒ ಜಾರಿಯಲ್ಲಿರಬೇಕು, ಹೇಳದೆ ಬೇರೆ ಶೆಡ್‌ಗೆ ಕೆಲಸ ಕೊಡಬಾರದು, ನೀರನ್ನು ಹೊರಗೆ ಬಿಟ್ಟರೆ ಆರ್ಡರ್ ನಿಲ್ಲುತ್ತದೆ. ವೆಂಡರ್ ರೇಟಿಂಗ್‌ನಲ್ಲಿ ಕ್ವಾಲಿಟಿ, ಡೆಲಿವರಿ ಜೊತೆ ಇದಕ್ಕೂ ಅಂಕ ಇರಲಿ. ಒಳ್ಳೆ ಅಂಕ ಬಂದವರಿಗೆ ಹೊಸ ಪಾರ್ಟು ಕೊಡಿ, ಶಾಲು ಹೊದಿಸಿದರೆ ಸಾಲದು.

ಗೊತ್ತಿಲ್ಲದೆ ಮಾಡುವವರು, ಕಾಸಿಲ್ಲದೆ ಮಾಡುವವರು, ಬೇಕಂತಲೇ ಮಾಡುವವರು, ಈ ಮೂವರನ್ನು ಒಂದೇ ತರ ನೋಡಬೇಡಿ. ಮೊದಲ ಇಬ್ಬರಿಗೆ ಕೆಲಸ ಮತ್ತು ತಾರೀಖು ಬರೆದ ಒಂದು ಪಟ್ಟಿ ಕೊಟ್ಟು ಮೂರು ನಾಲ್ಕು ತಿಂಗಳು ಕಾಯಿರಿ, ಪ್ರತಿ ತಿಂಗಳೂ ಹೋಗಿ ನೋಡಿ. ಅವರನ್ನು ಏಕಾಏಕಿ ಬಿಟ್ಟರೆ ಆ ಕೆಲಸ ಇನ್ನೂ ಕಡಿಮೆ ರೇಟಿನ, ಇನ್ನೂ ಕೊಳಕಾದ ಶೆಡ್‌ಗೆ ಹೋಗುತ್ತದೆ ಅಷ್ಟೆ. ರಾತ್ರಿ ಹೊತ್ತು ಟ್ಯಾಂಕರ್‌ನಲ್ಲಿ ತುಂಬಿ ರಾಜಕಾಲುವೆಗೆ ಸುರಿಸುವವರು ಮೂರನೇ ಗುಂಪಿನವರು. ಅವರ ಜೊತೆ ವ್ಯವಹಾರ ನಿಲ್ಲಿಸಿ, ಬಾಕಿ ಬಿಲ್ ಪೂರ್ತಿ ಚುಕ್ತಾ ಮಾಡಿ, ನಿಮ್ಮ ಮಾಲು, ಫಿಕ್ಸ್ಚರ್ ವಾಪಸ್ ತರಿಸಿಕೊಳ್ಳಿ. ಮಂಡಳಿಯ ಆ ಭಾಗದ ಪ್ರಾದೇಶಿಕ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ. ಇದಕ್ಕೆ ಬದಲಿ ವೆಂಡರ್ ಮೊದಲೇ ತಯಾರಿರಬೇಕು. ಮೇಲಿನ ಸಾಲಿನ ಪ್ರತಿ ಪ್ರೋಸೆಸ್‌ಗೂ ಕನಿಷ್ಠ ಇಬ್ಬರು ಒಪ್ಪಿಗೆಯಾದ ವೆಂಡರ್ ಇಟ್ಟುಕೊಳ್ಳಿ. ಒಬ್ಬನೇ ಇದ್ದರೆ ಲೈನ್ ನಿಲ್ಲುತ್ತದೆ ಅನ್ನುವ ಭಯಕ್ಕೆ ನೀವು ಕಣ್ಣು ಮುಚ್ಚಿಕೊಳ್ಳುತ್ತೀರಿ, ಅದು ಅವನಿಗೂ ಗೊತ್ತಿರುತ್ತದೆ.